ಉಗ್ರಾಣದ ಲೆಕ್ಕ ಹೇಳುವ ಪರ್ಷಿಯನ್ನರ ಕಥೆ

1933ರಲ್ಲಿ ದಕ್ಷಿಣ ಇರಾನಿನ ಪರ್ಸೆಪೊಲಿಸ್‌ನಲ್ಲಿ, ಅಂದರೆ ಪ್ರಾಚೀನ ಪರ್ಷಿಯನ್ ದೊರೆಗಳ ರಾಜಧಾನಿಯಲ್ಲಿ, ಉತ್ಖನನ ನಡೆಸುತ್ತಿದ್ದ ಶಿಕಾಗೋ ವಿಶ್ವವಿದ್ಯಾಲಯದ ತಂಡಕ್ಕೆ ಕೋಟೆಗೋಡೆಯೊಳಗೆ ಸಾವಿರಾರು ಜೇಡಿಮಣ್ಣಿನ ಫಲಕಗಳು ಸಿಕ್ಕವು. ಅವುಗಳಲ್ಲಿ ಯುದ್ಧವಿಲ್ಲ, ಬಿರುದಾವಳಿಯಿಲ್ಲ. ಕೂಲಿಯಾಳಿಗೆ ಎಷ್ಟು ಬಾರ್ಲಿ, ದಾರಿಹೋಕ ಅಧಿಕಾರಿಗೆ ಎಷ್ಟು ಹಿಟ್ಟು, ಯಾವ ದೇವರಿಗೆ ಎಷ್ಟು ಪಡಿ ಎಂಬ ಬಾಬತ್ತುಗಳಷ್ಟೇ. ಕ್ರಿ.ಪೂ. 509ರಿಂದ 493ರವರೆಗಿನ, ಪರ್ಷಿಯಾ ಸಾಮ್ರಾಜ್ಯದ ಡೇರಿಯಸ್ ದೊರೆಯ ಕಾಲದ ಉಗ್ರಾಣದ ಲೆಕ್ಕವಿದು. ಪರ್ಷಿಯನ್ನರು ಯಾರು ಎಂದು ತಿಳಿಯಲು ರಾಜಶಾಸನಗಳಿಗಿಂತ ಈ ಶಾನುಭೋಗಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ನಖ್ಶ್-ಎ-ರುಸ್ತಮ್‌ನಲ್ಲಿರುವ ಡೇರಿಯಸ್‌ನ ಸಮಾಧಿಶಾಸನದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ: ತಾನು ಪರ್ಷಿಯನ್, ಪರ್ಷಿಯನ್ನನ ಮಗ, ಆರ್ಯ ಕುಲದವನು. ಅವನ ಗುಮಾಸ್ತರು ಮಾತ್ರ ಬಹುಪಾಲು ಲೆಕ್ಕವನ್ನು ಪರ್ಷಿಯನ್ನರಿಗಿಂತ ಮೊದಲೇ ಅಲ್ಲಿದ್ದವರ ಎಲಾಮ್ ಭಾಷೆಯಲ್ಲಿ ಬರೆದರು. ಇಡೀ ರಾಶಿಯಲ್ಲಿ ಹಳೆಯ ಪರ್ಷಿಯನ್ ನುಡಿಯ ಲೆಕ್ಕದ ಫಲಕವೆಂದು ಗುರುತಾಗಿರುವುದು ಒಂದೇ ಒಂದು. ದೇವರ ಪಡಿಯಲ್ಲೂ ಅಷ್ಟೆ. ಶಾಸನಗಳಲ್ಲಿ ಮೆರೆಯುವ ಪರ್ಷಿಯನ್ನರ ದೇವರು ಅಹುರಮಜ್ದನಿಗಿಂತ ಎಲಾಮಿನ ಹಳೆಯ ದೇವರಾದ ಹುಂಬಾನನಿಗೆ ಸಂದದ್ದೇ ಹೆಚ್ಚು.

ಎಲಾಮಿನವರು ಇರಾನಿನ ನೈರುತ್ಯದಲ್ಲಿ ಅದಕ್ಕೂ ಎರಡು ಸಾವಿರ ವರ್ಷ ಹಿಂದಿನಿಂದ ನಗರ ಕಟ್ಟಿ ಬಾಳಿದವರು. ಅವರದು ಪರ್ಷಿಯನ್ನಿನಂತೆ ಇಂಡೋ-ಯುರೋಪಿಯನ್ ನುಡಿಯಲ್ಲ. (ದ್ರಾವಿಡ ಭಾಷೆಗಳ ಜೊತೆ ಅದಕ್ಕೆ ನಂಟು ಕಲ್ಪಿಸಿದವರೂ ಇದ್ದಾರೆ, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ, ನಾವು ಬೀಗಬೇಕಿಲ್ಲ.) ಇರಾನಿ ನುಡಿಯಾಡುವ ಪಶುಪಾಲಕರು ಬಂದು ಬೆರೆತದ್ದು ಇವರೊಂದಿಗೆ, ಇಂದಿನ ಫಾರ್ಸ್ ಪ್ರಾಂತ್ಯದಲ್ಲಿ. ಅಲ್ಲಿನ ಎಲಾಮ್ ನಗರ ಅನ್ಶಾನ್. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನ್ ಗೆದ್ದ, ಪರ್ಷಿಯಾ ಸಾಮ್ರಾಜ್ಯ ಕಟ್ಟಿದ ಸೈರಸ್, ಜೇಡಿಮಣ್ಣಿನ ಉರುಳೆಯ ಮೇಲಿನ ತನ್ನ ಪ್ರಸಿದ್ಧ ಸಿಲಿಂಡರ್ ಶಾಸನದಲ್ಲಿ ತಂದೆ, ತಾತ, ಹಿರೀಕರನ್ನೆಲ್ಲ ‘ಅನ್ಶಾನಿನ ರಾಜ’ರೆಂದೇ ಕರೆದ. ಪರ್ಷಿಯಾದ ಮಾತೇ ಇಲ್ಲ! ಪರ್ಸೆಪೊಲಿಸ್ ಫಲಕಗಳ ಮೇಲೆ ಒತ್ತಿದ ಒಂದು ಹಳೆಯ ಮುದ್ರೆಯಲ್ಲೂ ‘ಅನ್ಶಾನಿನ ಕುರಾಶ್’ ಎಂದು ಎಲಾಮ್ ಭಾಷೆಯಲ್ಲಿದೆ. ಕುರಾಶ್ ಎಂದರೆ ಸೈರಸ್ ಎಂಬ ಹೆಸರಿನ ಎಲಾಮ್ ರೂಪ; ಮುದ್ರೆ ಸೈರಸ್‌ನ ಅದೇ ಹೆಸರಿನ ತಾತನದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆರ್ಯ ಕುಲವನ್ನು ಸಾರಿ ಹೇಳುವ ತುರ್ತು ಬಂದದ್ದು ದಂಗೆಗಳ ನಡುವೆ ಸಿಂಹಾಸನ ಹಿಡಿದ ಡೇರಿಯಸ್‌ಗೆ.

ಡಿಎನ್‌ಎ ಕೂಡ ಇಂಥದ್ದೇ ಬೆರಕೆಯನ್ನು ತೋರಿಸುತ್ತದೆ. ಝಾಗ್ರೋಸ್ ಬೆಟ್ಟಗಳಲ್ಲಿ ಸುಮಾರು 10,000 ವರ್ಷ ಹಿಂದೆ ಆಡು ಸಾಕುತ್ತಿದ್ದ ಜನರ ಅಂಶ ಇಂದಿನ ಇರಾನಿಯರಲ್ಲಿ ಉಳಿದಿದೆ. ಉತ್ತರದ ಹುಲ್ಲುಗಾವಲಿನಿಂದ ಬಂದವರ ಅಂಶ ಆಮೇಲೆ ಸೇರಿಕೊಂಡಿತು. ಬಂದವರ ಭಾಷೆ ಗೆದ್ದಿತು, ಆದರೆ ಮೊದಲಿದ್ದವರು ಎಲ್ಲಿಗೂ ಹೋಗಲಿಲ್ಲ.