ಭಾಷಣದಲ್ಲಿ ಮಾತಿನ ಪಾಲು ಶೇ. 7 ಮಾತ್ರವೇ?

ಪ್ರಶ್ನೆ: ಸಮ್ಮೇಳನ, ಕಂಪನಿ ಕಾರ್ಯಕ್ರಮಗಳಲ್ಲಿ ಮಾತಾಡುವುದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತಿದ್ದೇನೆ. ಭಾಷಣದಲ್ಲಿ ಪದಗಳಿಗೆ ಶೇ. 7ರಷ್ಟೇ ಬೆಲೆ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಎನ್ನುತ್ತಾರೆ. ಹಾಗಾದರೆ ಮೊದಲು ಬಾಡಿ ಲ್ಯಾಂಗ್ವೇಜ್ ತರಬೇತಿಗೆ ಸೇರಬೇಕೇ?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೋದಲ್ಲೆಲ್ಲ ಇದೇ ಲೆಕ್ಕ: ಪದಕ್ಕೆ ಶೇ. 7, ದನಿಗೆ 38, ಮುಖ-ಹಾವಭಾವಕ್ಕೆ 55. ತರಬೇತಿ ಕೊಡುವವರೇ ಸ್ಲೈಡಿನಲ್ಲಿ ಹಾಕಿ ತೋರಿಸುತ್ತಾರೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಈ ಅಂಕಿಗಳ ಮೂಲ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್. 1967ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಎರಡು ಪ್ರಯೋಗಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಭಾಷಣವೇ ಇರಲಿಲ್ಲ. ಒಂದರಲ್ಲಿ 9 ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. 'ಥ್ಯಾಂಕ್ಸ್' ಎಂಬ ಪದವನ್ನೇ ಒಮ್ಮೆ ಪ್ರೀತಿಯಿಂದ, ಒಮ್ಮೆ ಸಿಡುಕಿನಿಂದ. ಇನ್ನೊಂದರಲ್ಲಿ 'ಮೇಬಿ' (ಬಹುಶಃ) ಎಂಬ ಒಂದೇ ಪದ ಕೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿದರು. ಹೇಳಿದವರ ಮನಸ್ಸಿನಲ್ಲಿ ಇರುವುದು ಇಷ್ಟವೋ, ಬೇಸರವೋ ಎಂದು ಊಹಿಸಬೇಕಿತ್ತು. ಅಷ್ಟೇ! ಎರಡನ್ನೂ ಸೇರಿಸಿದಾಗ ಬಂದ ಲೆಕ್ಕ ಇದು.

ಮಾತು ಒಂದು, ಮುಖ ಇನ್ನೊಂದು ಹೇಳಿದರೆ ಜನ ಮುಖವನ್ನು ನಂಬುತ್ತಾರೆ. ಮನೆಯಲ್ಲಿ ಮುಖ ಊದಿಸಿಕೊಂಡು "ಏನಿಲ್ಲ ಬಿಡಿ" ಅಂದರೆ ಏನೋ ಇದೆ ಅಂತಲೇ ಅಲ್ವಾ? ಲೆಕ್ಕ ಹೇಳುವುದು ಇಂಥ ಸಂದರ್ಭದ ಬಗ್ಗೆ. ಭಾವನೆ, ಇಷ್ಟಾನಿಷ್ಟಗಳ ಮಾತಲ್ಲದಿದ್ದರೆ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಆ ಮಾತು ಮಾತ್ರ ಯಾವ ಸ್ಲೈಡಿನಲ್ಲೂ ನನಗೆ ಕಂಡಿಲ್ಲ.

ಇನ್ನೂ ಅನುಮಾನವಿದ್ದರೆ ಒಂದು ತಾಳಮದ್ದಳೆಗೆ, ಅಂದರೆ ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ ಹೋಗಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಬಾಣ ತಗಲಿ ಬಿದ್ದ ಮೇಲೆ ರಾಮನಿಗೆ ಹಾಕುವ ಪ್ರಶ್ನೆಗಳನ್ನು ಎಷ್ಟೋ ಜನ ಕ್ಯಾಸೆಟ್ಟಿನಲ್ಲೇ ಕೇಳಿದವರು. ಅವರಿಗೆ ಕೈ ಕಾಣಲಿಲ್ಲ, ಕಣ್ಣೂ ಕಾಣಲಿಲ್ಲ. ಶೇ. 55 ಮೊದಲೇ ಹೋಯಿತು. ಆದರೂ ವಾದ ನೆನಪಿದೆ. ಕನ್ನಡದಲ್ಲಿ ಇಂಥ ಮಾತುಗಾರಿಕೆ ಇರುವಾಗ ನಾವು ಈ 7ನ್ನು ಯಾಕೆ ನಂಬಬೇಕು?

ದನಿ, ನಿಲುವು ಬೇಡ ಎನ್ನುತ್ತಿಲ್ಲ. ಕೊನೆಯ ಸಾಲಿಗೂ ಕೇಳಬೇಕು. ತಲೆ ತಗ್ಗಿಸಿ ಚೀಟಿ ಓದಬಾರದು. ಮೈಕಿಗೆ ಎಷ್ಟು ಹತ್ತಿರ ನಿಲ್ಲಬೇಕು ಅನ್ನುವುದು ನಾಲ್ಕು ಕಾರ್ಯಕ್ರಮಗಳಲ್ಲಿ ರೂಢಿಯಾಗುತ್ತದೆ. ಹೇಳುವ ವಿಷಯ ಗಟ್ಟಿಯಾಗುವುದಕ್ಕೇ ಜಾಸ್ತಿ ಕಾಲ ಬೇಕು.

ಇನ್ನೊಂದು. ನೀವು ಇದನ್ನು ಕೇಳಿಲ್ಲ, ಆದರೆ ಕೇಳಬೇಕಿತ್ತು: ಸಮಯ. ಆಮಂತ್ರಣದಲ್ಲಿ ನಿಮಗೆ 40 ನಿಮಿಷ ಎಂದಿರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ ಮುಗಿಯುವಾಗ ಊಟದ ಹೊತ್ತು. ಒಂದು ಕಾಲೇಜಿನಲ್ಲಿ ನನಗೆ ಕೊನೆಗೆ ಉಳಿದದ್ದು 12 ನಿಮಿಷ. ಗಾಬರಿಯಿಂದ ಎಲ್ಲವನ್ನೂ ಓಡಿಸಿಕೊಂಡು ಹೇಳಿದೆ. ಮಕ್ಕಳಿಗೆ ಒಂದೂ ತಲುಪಲಿಲ್ಲ. ಅವತ್ತಿನಿಂದ ಪ್ರತಿ ಭಾಷಣವನ್ನೂ ಮೂರು ಅಳತೆಯಲ್ಲಿ ಸಿದ್ಧ ಮಾಡುತ್ತೇನೆ: 40, 20, 10. ಹತ್ತರದ್ದರಲ್ಲಿ ಒಂದೇ ವಿಷಯ, ಒಂದೇ ಉದಾಹರಣೆ. ಅದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ.

ಸಂಭಾವನೆ ಮಾತ್ರ 40 ನಿಮಿಷದ್ದೇ ಇರಲಿ. ತಡವಾದದ್ದು ನಿಮ್ಮಿಂದಲ್ಲ. ಮೊತ್ತ, ಪ್ರಯಾಣದ ಖರ್ಚು, ಉಳಿಯುವ ವ್ಯವಸ್ಥೆ ಎಲ್ಲವನ್ನೂ ಒಪ್ಪಿಕೊಳ್ಳುವ ದಿನವೇ ಬರಹದಲ್ಲಿ ಕೇಳಿ. ಸಂಕೋಚ ಬೇಡ. ಕಂಪನಿಗಳಾದರೆ ಸಾಮಾನ್ಯವಾಗಿ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಉಳಿದದ್ದು ಕೊಡುತ್ತವೆ. ಬಿಲ್ಲಿನಲ್ಲೇ ಪ್ಯಾನ್ ಸಂಖ್ಯೆ ಬರೆದು ಕಳಿಸಿ.