ಜರ್ಮನಿಯ ಗಾಂಜಾ ಕ್ಲಬ್: ಹೋಗಬಹುದೇ, ತೆರೆಯಬಹುದೇ?

ಪ್ರಶ್ನೆ: ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದೇನೆ. ಅಲ್ಲಿ ಗಾಂಜಾ ಕ್ಲಬ್‌ಗಳಿಗೆ ಈಗ ಅನುಮತಿ ಇದೆಯಂತೆ. ಒಳಗೆ ಹೋಗಿ ಕೂತು ಸೇದಬಹುದೇ? ನಾವು ಗೆಳೆಯರೇ ಸೇರಿ ಒಂದು ಕ್ಲಬ್ ತೆರೆಯಬಹುದೇ?

ಉತ್ತರ: ವಿಮಾನ ಇಳಿದ ವಾರವೇ ಹೋಗಲಾಗದು. ಸದಸ್ಯರಾದ ಮೇಲೂ ಕ್ಲಬ್ಬಿನೊಳಗೆ ಕೂತು ಸೇದುವಂತಿಲ್ಲ. ಈ ಎರಡನೆಯ ಮಾತನ್ನು ಬಹಳ ಜನ ನಂಬುವುದೇ ಇಲ್ಲ, ಆದರೆ ಕಾನೂನಿನಲ್ಲಿ ಸ್ಪಷ್ಟವಾಗಿಯೇ ಇದೆ. ಕ್ಲಬ್ಬಿನ, ಅಂದರೆ ಗಾಂಜಾ ಬೆಳೆಯುವ ಸಂಘದ, ಆವರಣದಲ್ಲಿ ಸೇದುವುದಕ್ಕೆ ನಿಷೇಧ. ಅದರ ಬಾಗಿಲಿನಿಂದ 100 ಮೀಟರ್ ಒಳಗೆ, ಬಾಗಿಲು ಕಣ್ಣಿಗೆ ಬೀಳುವ ಜಾಗದಲ್ಲಿಯೂ ನಿಷೇಧ.

ಹಾಗಾದರೆ ಅಲ್ಲಿ ನಡೆಯುವುದೇನು? ಬೆಳೆಯುವುದು ಮತ್ತು ಹಂಚಿಕೊಳ್ಳುವುದು, ಅಷ್ಟೇ. ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೆನಪಿಸಿಕೊಂಡರೆ ಸ್ವಲ್ಪ ಹತ್ತಿರ ಬರುತ್ತದೆ, ಬಾರ್ ಅಥವಾ ಕೆಫೆಯನ್ನು ನೆನಪಿಸಿಕೊಂಡರೆ ದಾರಿ ತಪ್ಪುತ್ತದೆ. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಗಾಂಜಾ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಸಂಘಗಳ ನಿಯಮ ಜಾರಿಗೆ ಬಂದದ್ದು ಜುಲೈ 1ರಿಂದ. ಅಂಗಡಿಯಲ್ಲಿ ಮಾರಾಟಕ್ಕೆ ಅವಕಾಶ ಕೊಡಲಿಲ್ಲ. ಲಾಭಕ್ಕಾಗಿ ಮಾರುವವರ ಕೈಗೆ ಇದು ಹೋಗಬಾರದು ಎಂಬುದೇ ಇಡೀ ವ್ಯವಸ್ಥೆಯ ತಿರುಳು, ನನ್ನ ಮಟ್ಟಿಗೆ ಅದರ ಒಳ್ಳೆಯ ಅಂಶವೂ ಅದೇ.

ಸದಸ್ಯರಾಗಲು 18 ವರ್ಷ ತುಂಬಿರಬೇಕು, ಜರ್ಮನಿಯಲ್ಲಿ ಕನಿಷ್ಠ 6 ತಿಂಗಳಿಂದ ವಾಸವಿರಬೇಕು. ನೀವು ಯಾವ ದೇಶದ ಪ್ರಜೆ ಎಂಬುದು ಮುಖ್ಯವಲ್ಲ, ಭಾರತದ ವಿದ್ಯಾರ್ಥಿಯೂ ಆರು ತಿಂಗಳ ನಂತರ ಸೇರಬಹುದು. ಪ್ರವಾಸಕ್ಕೆ ಬಂದವರಿಗೆ ಬಾಗಿಲಿಲ್ಲ. ಒಬ್ಬರಿಗೆ ಒಂದೇ ಸಂಘ, ಕನಿಷ್ಠ 3 ತಿಂಗಳ ಸದಸ್ಯತ್ವ. ಒಬ್ಬ ಸದಸ್ಯನಿಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 50 ಗ್ರಾಂ ಮೀರಿ ಕೊಡುವಂತಿಲ್ಲ. 21 ತುಂಬದವರಿಗೆ ತಿಂಗಳಿಗೆ 30 ಗ್ರಾಂ ಮಾತ್ರ, ಅದರಲ್ಲೂ ಮತ್ತೇರಿಸುವ ಟಿಎಚ್‌ಸಿ ಅಂಶ ಶೇ. 10 ದಾಟಬಾರದು. ಆ ವಯಸ್ಸಿನಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ ಎಂಬ ಕಾರಣಕ್ಕೆ ಇಟ್ಟ ಮಿತಿ ಇದು. ಎಂ.ಎಸ್.ಗೆ ಹೋಗುವ ಹುಡುಗ ಹುಡುಗಿಯರು ಇದನ್ನು ಬರೀ ಲೆಕ್ಕ ಎಂದು ತಳ್ಳಿಹಾಕಬಾರದು.

ತೆರೆಯುವ ವಿಚಾರ ಇನ್ನೂ ಬಿಗಿ. ಮೊದಲು ನೋಂದಾಯಿತ ಸಂಘ ಕಟ್ಟಬೇಕು, ಅದಕ್ಕೆ ಸಾಮಾನ್ಯವಾಗಿ ಕನಿಷ್ಠ 7 ಜನ ಬೇಕು. ಸಹಕಾರ ಸಂಘವಾಗಿಯೂ ಕಟ್ಟಬಹುದು. ಸದಸ್ಯರು 500 ದಾಟುವಂತಿಲ್ಲ. ನಂತರ ಆಯಾ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು, ಅದರ ಅವಧಿ 7 ವರ್ಷ. ಪದಾಧಿಕಾರಿಗಳ ಪೂರ್ವಾಪರ ನೋಡುತ್ತಾರೆ. ಮನೆಯೊಳಗೆ ನಡೆಸುವಂತಿಲ್ಲ. ಶಾಲೆ, ಆಟದ ಮೈದಾನಗಳ ಪ್ರವೇಶದ್ವಾರದಿಂದ 200 ಮೀಟರ್ ದೂರವಿರಬೇಕು. ನಗರದಲ್ಲಿ ಅಂಥ ಜಾಗ ಹುಡುಕುವುದರಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಬೇಲಿ, ಬೀಗ, ವ್ಯಸನದ ಬಗ್ಗೆ ತಿಳಿಹೇಳಲು ತರಬೇತಿ ಪಡೆದ ಒಬ್ಬ ವ್ಯಕ್ತಿ, ಪ್ರತಿ ಪೊಟ್ಟಣದ ಜೊತೆ ತೂಕ, ಕೊಯ್ಲಿನ ದಿನ, ಟಿಎಚ್‌ಸಿ ಪ್ರಮಾಣ ಬರೆದ ಚೀಟಿ, ಇವೆಲ್ಲ ಕಡ್ಡಾಯ. ಜಾಹೀರಾತು ಕೂಡದು, ಅಂಚೆಯಲ್ಲಿ ಕಳಿಸುವುದು ಕೂಡದು. ಬೆಳೆಯುವ ಕೆಲಸಕ್ಕೆ ಸದಸ್ಯರೇ ಕೈಹಾಕಬೇಕು, ದುಡ್ಡು ಕಟ್ಟಿ ಸುಮ್ಮನಿರುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಓದಿನ ವೀಸಾದಲ್ಲಿರುವವರು ಈ ಜವಾಬ್ದಾರಿಯನ್ನು ತಲೆಗೆ ಕಟ್ಟಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

"ಒಳಗೇ ಕೂತು ಸೇದುವ ಕ್ಲಬ್ ನೋಡಿದ್ದೇನೆ" ಎಂದು ಯಾರಾದರೂ ಹೇಳಿದರೆ ಅವರು ಬಹುಶಃ ಬಾರ್ಸಿಲೋನಾದ ಮಾತಾಡುತ್ತಿದ್ದಾರೆ. ಸ್ಪೇನಿನ ಅಂಥ ಸಂಘಗಳಿಗೆ ಗಟ್ಟಿ ಕಾನೂನಿನ ಆಸರೆ ಇಲ್ಲ. ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯ ಈ ಸಂಘಗಳಿಗಾಗಿ 2017ರಲ್ಲಿ ಮಾಡಿದ ಕಾಯ್ದೆಯನ್ನು 2018ರಲ್ಲಿ ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ರದ್ದು ಮಾಡಿತು. ಖಾಸಗಿ ಜಾಗದಲ್ಲಿ ಸೇದುವುದನ್ನು ಅಪರಾಧ ಎನ್ನುವುದಿಲ್ಲ, ಆದರೆ ಅದೇ ಪೊಟ್ಟಣ ಜೇಬಿನಲ್ಲಿಟ್ಟು ಬೀದಿಗೆ ಬಂದು ಸಿಕ್ಕಿಬಿದ್ದರೆ ದಂಡ 601 ಯೂರೋದಿಂದ ಶುರು. ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿಯಲ್ಲಿ ಹತ್ತಿರ ಬಂದು "ಬನ್ನಿ, ಕ್ಲಬ್ ತೋರಿಸುತ್ತೇವೆ" ಎನ್ನುವವರ ಹಿಂದೆ ದಯವಿಟ್ಟು ಹೋಗಬೇಡಿ.

ಮತ್ತೆ ಜರ್ಮನಿಗೆ ಬಂದರೆ, ಹೊರಗೆ ಓಡಾಡುವಾಗ ನಿಮ್ಮ ಬಳಿ 25 ಗ್ರಾಂ ತನಕ ಇರಬಹುದು. 30 ದಾಟಿದರೆ ಕ್ರಿಮಿನಲ್ ಪ್ರಕರಣ. ಪಾದಚಾರಿಗಳಿಗೇ ಮೀಸಲಾದ ಬೀದಿಗಳಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಸೇದುವಂತಿಲ್ಲ. ಗಾಡಿ ಓಡಿಸುವವರ ರಕ್ತದ ಸೀರಮ್ಮಿನಲ್ಲಿ ಟಿಎಚ್‌ಸಿ ಪ್ರತಿ ಮಿಲಿಲೀಟರಿಗೆ 3.5 ನ್ಯಾನೋಗ್ರಾಂ ಮುಟ್ಟಿದರೆ 500 ಯೂರೋ ದಂಡ, ಒಂದು ತಿಂಗಳು ಗಾಡಿ ಮುಟ್ಟುವಂತಿಲ್ಲ. ದಿನವೂ ಸೇದುವವರ ರಕ್ತದಲ್ಲಿ ಅದು ನಶೆ ಇಳಿದ ಮೇಲೂ ಉಳಿದಿರುತ್ತದೆ, ಆದ್ದರಿಂದ "ನಿನ್ನೆ ಸೇದಿದ್ದು" ಎಂಬ ಮಾತು ನಡೆಯುವುದಿಲ್ಲ.

ರಜೆಗೆ ಊರಿಗೆ ಬರುವಾಗ ಒಂದು ಗ್ರಾಂ ಕೂಡ ಜೊತೆಗಿರಬಾರದು. ಗಡಿ ದಾಟಿಸುವುದು ಜರ್ಮನಿಯಲ್ಲೂ ಅಪರಾಧ, ಇಲ್ಲಿ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಜೈಲಿಗೆ ಕಳಿಸಬಹುದಾದ ಅಪರಾಧ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕ್ಲಬ್ಬಿನ ಸದಸ್ಯತ್ವದ ಕಾರ್ಡ್ ತೋರಿಸಿದರೆ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಹೊರಡುವ ಹಿಂದಿನ ದಿನ ಬ್ಯಾಗು, ಜಾಕೆಟ್ಟಿನ ಜೇಬುಗಳನ್ನೆಲ್ಲ ಬರಿದು ಮಾಡಿ ನೋಡಿಕೊಳ್ಳಿ.