ಪೇಪರ್‌ನಲ್ಲಿ ಕಾಫಿ ಕೆಜಿಗೆ 200 ರೂಪಾಯಿ, ನಿಮ್ಮ ಅಂಗಡಿಯಲ್ಲಿ ಯಾಕೆ ಇಷ್ಟು ಜಾಸ್ತಿ?

ಪ್ರಶ್ನೆ: "ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ ಹತ್ತು ಸಾವಿರ ಅಂತ ಓದಿದೆ. ಅಂದ್ರೆ ಕೆಜಿಗೆ 200. ನೀವು ನೇರ ತೋಟದಿಂದ ತರ್ತೀರಿ, ಮಧ್ಯವರ್ತಿ ಇಲ್ಲ. ಹಾಗಿದ್ರೆ ನಿಮ್ಮ ಪುಡಿ ಬೇರೆ ಅಂಗಡಿಗಿಂತ ಅಗ್ಗ ಇರ್ಬೇಕಲ್ವಾ?"

ಕೌಂಟರ್ ಮುಂದೆ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಕೂತು ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಮೊದಲು ಲೆಕ್ಕ ಮುಗಿಸೋಣ. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಭತ್ತದ ರೇಟಿಗೆ ಅಕ್ಕಿ ಕೇಳಿದ ಹಾಗಾಯಿತು ನಿಮ್ಮ ಪ್ರಶ್ನೆ. 50 ಕೆಜಿ ರೋಬಸ್ಟಾ ಚೆರಿಯ ಸಿಪ್ಪೆ ತೆಗೆಸಿದರೆ ಕೈಗೆ ಸಿಗುವ ಬೀಜ ಸುಮಾರು 26 ಕೆಜಿ. ಇದಕ್ಕೆ ತೋಟದ ಕಡೆ ಔಟ್‌ಟರ್ನ್ ಅನ್ನುತ್ತಾರೆ, ಆಡುಮಾತಲ್ಲಿ ಓಟಿ. ಹತ್ತು ಸಾವಿರವನ್ನು 26ರಿಂದ ಭಾಗಿಸಿ. ಬೀಜದ ಬೆಲೆ ಕೆಜಿಗೆ 385 ರೂಪಾಯಿ ಆಯಿತು. ಅದನ್ನು ಹುರಿದಾಗ ತೂಕ 15ರಿಂದ 20 ಪರ್ಸೆಂಟ್ ಇಳಿಯುತ್ತದೆ. ಒಂದು ಕೆಜಿ ಬೀಜ ಹುರಿದು ತೂಗಿದರೆ ಹೆಚ್ಚುಕಮ್ಮಿ 820 ಗ್ರಾಂ. ಅಲ್ಲಿಗೆ ಹುರಿದ ಕಾಫಿ ಕೆಜಿಗೆ 470 ರೂಪಾಯಿ. ಇನ್ನೂ ಲಾರಿ ಬಾಡಿಗೆ, ಗ್ಯಾಸು, ಕರೆಂಟು, ಪ್ಯಾಕೆಟ್ಟು, ಅಂಗಡಿ ಬಾಡಿಗೆ, ಹುಡುಗರ ಸಂಬಳ ಯಾವುದೂ ಸೇರಿಲ್ಲ.

ಕಾಫಿಯ ಇನ್ನೊಂದು ಜಾತಿ ಅರೇಬಿಕಾ. ಅದರ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಮೊದಲೇ ತೆಗೆದು ತೊಳೆದು ಒಣಗಿಸಿದ, ತೆಳು ಹೊಟ್ಟು ಮಾತ್ರ ಉಳಿದ ಕಾಫಿ ಆದರೆ, 50 ಕೆಜಿಗೆ ಬೀಜ ಸುಮಾರು 40 ಕೆಜಿ. ಲೆಕ್ಕ ಸುಲಭ ಆಗಲಿ ಅಂತ ಮೂಟೆಗೆ 20 ಸಾವಿರ ಇಟ್ಟುಕೊಳ್ಳಿ. ಬೀಜ ಕೆಜಿಗೆ 500, ಹುರಿದ ಮೇಲೆ 610. ರೇಟು ಏರಿಳಿಯುತ್ತಲೇ ಇರುತ್ತದೆ, ಆದರೆ ಲೆಕ್ಕದ ದಾರಿ ಇದೇ.

ಇನ್ನೊಂದು ಮಾತು. ನಮ್ಮ ಪುಡಿಯ ಪಕ್ಕ ಇಟ್ಟು ಹೋಲಿಸುವ ಪ್ಯಾಕೆಟ್ ತಿರುಗಿಸಿ ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಎಷ್ಟು ಬೆರೆಸಿದ್ದಾರೆ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು, ಅದು ಕಾನೂನು. ಚಿಕೋರಿ ಕಾಫಿಗಿಂತ ತುಂಬಾ ಅಗ್ಗ. ಚಿಕೋರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಕೇಳಿದವರಿಗೆ ನಾವೂ ಬೆರೆಸಿ ಕೊಡುತ್ತೇವೆ. ಆದರೆ 60:40ರ ಪುಡಿಯನ್ನು ಬರೀ ಕಾಫಿ ಜೊತೆ ಹೋಲಿಸಿ ಬೆಲೆ ಕೇಳಬೇಡಿ.

ಈಗ ಆ ಮಧ್ಯವರ್ತಿ ವಿಷಯ. ಇದನ್ನೇ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟು ಹೇಳಿದರೂ ಹೋಗದ ನಂಬಿಕೆ ಇದು. ಮಧ್ಯವರ್ತಿ ಅಂದರೆ ಸುಮ್ನೆ ಕೂತು ದುಡ್ಡು ತಿನ್ನುವವನು, ಅವನನ್ನು ತೆಗೆದರೆ ಬೆಳೆಗಾರನಿಗೆ ಜಾಸ್ತಿ ಸಿಗುತ್ತದೆ, ಕುಡಿಯುವವನಿಗೆ ಕಡಿಮೆಗೆ ಸಿಗುತ್ತದೆ ಅಂತ. ಎರಡೂ ಒಟ್ಟಿಗೆ ಆಗಬೇಕಾದರೆ ಅವನು ಯಾವ ಕೆಲಸವನ್ನೂ ಮಾಡದೆ ಇರಬೇಕಿತ್ತು. ಆದರೆ ಅವನು ಕೆಲಸ ಮಾಡುತ್ತಾನೆ.

ಸೋಮವಾರಪೇಟೆ ಕಡೆ ಮೂರು ಎಕರೆ ಇರುವ ಒಬ್ಬ ಬೆಳೆಗಾರನನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಕಾಫಿ ಬೆಳೆಯುವವರಲ್ಲಿ ಬಹುಪಾಲು ಇಂಥ ಸಣ್ಣವರೇ. ಕುಯ್ಲಿಗೆ ಮುಂಚೆ ಕೂಲಿಗೆ ದುಡ್ಡು ಬೇಕು. ಊರಿನ ವ್ಯಾಪಾರಿ ಮುಂಗಡ ಕೊಡುತ್ತಾನೆ. ಕಣದಲ್ಲಿ ಒಣಗಿದ ಕಾಫಿಯನ್ನು ಮನೆಬಾಗಿಲಿಗೆ ಬಂದು ತೂಗಿ ಒಯ್ಯುತ್ತಾನೆ. ಮುಖ್ಯ ವಿಷಯ ಏನೆಂದರೆ, ಅವನು ಎಲ್ಲವನ್ನೂ ಒಯ್ಯುತ್ತಾನೆ. ಹಣ್ಣು, ಅರೆಹಣ್ಣು, ಕಾಯಿಕೊರಕ ಹುಳ ಹೊಕ್ಕ ಬೀಜ, ಮಳೆಗೆ ಉದುರಿ ನೆಲದಿಂದ ಹೆಕ್ಕಿದ್ದು, ಎಲ್ಲ. ನನ್ನಂಥ ಅಂಗಡಿಯವನು ಹೋಗಿ ಕೇಳುವುದೇನು? ಚೆನ್ನಾಗಿ ಹಣ್ಣಾದದ್ದನ್ನೇ ಕಿತ್ತು ಬೇರೆಯಾಗಿ ಒಣಗಿಸಿದ ಕೆಲವೇ ಮೂಟೆ. ಉಳಿದದ್ದನ್ನು ಆ ಬೆಳೆಗಾರ ಅದೇ ವ್ಯಾಪಾರಿಗೇ ಕೊಡಬೇಕು. ಒಳ್ಳೆಯದನ್ನು ನಾನು ಎತ್ತಿಕೊಂಡು ಹೋದ ಮೇಲೆ ಉಳಿದದ್ದರ ರೇಟು ಬೀಳುತ್ತದೆ. ಹಾಗಾಗಿ ನಾನು ಮಾರ್ಕೆಟ್ ರೇಟಿನ ಮೇಲೆ ಜಾಸ್ತಿ ಕೊಡದೆ ಇದ್ದರೆ ನನ್ನ 'ನೇರ ಖರೀದಿ'ಯಿಂದ ಅವನಿಗೆ ನಷ್ಟವೇ.

ವ್ಯಾಪಾರಿ ಮಾಡುತ್ತಿದ್ದ ಕೆಲಸ ಈಗ ನನ್ನ ತಲೆ ಮೇಲೆ. ಕಾಫಿ ವರ್ಷಕ್ಕೆ ಒಂದೇ ಬೆಳೆ. ಅರೇಬಿಕಾ ಕುಯ್ಲು ಜನವರಿ ಹೊತ್ತಿಗೆ, ರೋಬಸ್ಟಾ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ನೀವು ದೀಪಾವಳಿಗೆ ಒಯ್ಯುವ ಪುಡಿಯ ಬೀಜಕ್ಕೆ ನಾನು ಮಳೆಗಾಲಕ್ಕೆ ಮುಂಚೆಯೇ ದುಡ್ಡು ಕೊಟ್ಟಿರುತ್ತೇನೆ. ಅಷ್ಟು ತಿಂಗಳು ಆ ದುಡ್ಡು ಗೋಣಿಚೀಲದಲ್ಲಿ ಕೂತಿರುತ್ತದೆ. ಮಳೆಗಾಲದಲ್ಲಿ ಬೀಜ ಗಾಳಿಯ ತೇವ ಹೀರುತ್ತದೆ, ಬಣ್ಣ ಬಿಳಚುತ್ತದೆ, ರುಚಿ ಸಪ್ಪೆಯಾಗುತ್ತದೆ. ಅದಕ್ಕೆ ಬೇರೆ ರೂಮು, ಬೇರೆ ಖರ್ಚು. ದೊಡ್ಡ ವ್ಯಾಪಾರಿ ಲಾರಿಗಟ್ಟಲೆ ಕಾಫಿ ಮೇಲೆ ಹಂಚುವ ಖರ್ಚನ್ನು ನಾನು ನಾಲ್ಕಾರು ಮೂಟೆ ಮೇಲೆ ಹಂಚಬೇಕು. ಅಗ್ಗ ಹೇಗಾದೀತು ಹೇಳಿ?

ಊರಿನ ವ್ಯಾಪಾರಿಗೆ ಜಾಗವೇ ಇಲ್ಲದ ಕಾಲವೂ ಒಂದಿತ್ತು. 1940ರ ದಶಕದಿಂದ ಸುಮಾರು ಐವತ್ತು ವರ್ಷ ಬೆಳೆಗಾರ ತನ್ನ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಸೇರಿಸುವ ಒಟ್ಟು ದಾಸ್ತಾನಿಗೇ ಕೊಡಬೇಕಿತ್ತು. ತನಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಬೋರ್ಡು ಮಾರಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. 90ರ ದಶಕದಲ್ಲಿ ಒಂದೊಂದೇ ಕಟ್ಟು ಸಡಿಲಿಸಿ, 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. ಊರಿನ ವ್ಯಾಪಾರಿಗೆ ಜಾಗ ಸಿಕ್ಕಿದ್ದೇ ಆಮೇಲೆ. ಕೊಟ್ಟ ದಿನವೇ ಕೈಗೆ ದುಡ್ಡು ಬರುವುದು ಬೆಳೆಗಾರನಿಗೆ ದೊಡ್ಡ ಸಂಗತಿ.

ಹಾಗಾದರೆ ಮೋಸ ಎಲ್ಲೂ ಇಲ್ಲವಾ? ಇದೆ. ಆದರೆ ನೀವು ಹುಡುಕುವ ಜಾಗದಲ್ಲಿ ಇಲ್ಲ. ಓಟಿ ನೋಡುವ ಆ ಹತ್ತು ನಿಮಿಷ ಗಮನಿಸಿ. ಮೂಟೆಗೆ ಕೊಳವೆ ಚುಚ್ಚಿ ಒಂದಿಷ್ಟು ಚೆರಿ ತೆಗೆಯುತ್ತಾರೆ. ತೂಗುತ್ತಾರೆ. ಸಿಪ್ಪೆ ತೆಗೆದು, ಕಪ್ಪು ಬೀಜ, ಒಡಕು ಬೀಜ ಆರಿಸಿ, ಉಳಿದದ್ದನ್ನು ಮತ್ತೆ ತೂಗುತ್ತಾರೆ. ಮೀಟರ್‌ನಲ್ಲಿ ತೇವ ನೋಡುತ್ತಾರೆ. ಅಲ್ಲಿ ಓಟಿ 26ರ ಬದಲು 25 ಅಂತ ಬರೆದರೆ ಒಂದು ಕೆಜಿ ಬೀಜದ ದುಡ್ಡು, ಅಂದರೆ ಮೂಟೆಗೆ 385 ರೂಪಾಯಿ ಹೋಯಿತು. ಇಪ್ಪತ್ತು ಮೂಟೆ ಇದ್ದವನಿಗೆ 7,700. ಸ್ಯಾಂಪಲ್ ಎಲ್ಲಿಂದ ತೆಗೆದರು, ಒಡಕು ಅಂತ ಯಾವುದನ್ನು ಪಕ್ಕಕ್ಕಿಟ್ಟರು, ತಕ್ಕಡಿ ಯಾರ ಕಡೆ ತಿರುಗಿತ್ತು, ನ್ಯಾಯ ಅನ್ಯಾಯ ಎಲ್ಲ ಅಲ್ಲೇ ತೀರ್ಮಾನ ಆಗುವುದು. ಮಧ್ಯವರ್ತಿ ಪ್ರಾಮಾಣಿಕನಾಗಿದ್ದರೆ ಬೆಳೆಗಾರ ಬದುಕುತ್ತಾನೆ. 'ನೇರ ಖರೀದಿ' ಮಾಡುವವನು ಕಳ್ಳನಾದರೆ ಮುಳುಗುತ್ತಾನೆ.

ಹಾಗಾಗಿ ನ್ಯಾಯವಾಗಿ ಕೊಂಡದ್ದು ಅಂತ ನಾವು ಹೇಳುವಾಗ ಅದರ ಅರ್ಥ ಇಷ್ಟೇ. ಓಟಿ ಬೆಳೆಗಾರನ ಎದುರಿಗೇ ನೋಡುತ್ತೇವೆ, ಅವರೂ ತೂಗಿ ಒಪ್ಪಬೇಕು. ಮೂಟೆ ಗಾಡಿಗೆ ಏರುವ ಮುಂಚೆ ದುಡ್ಡು ಅವರ ಖಾತೆಗೆ ಹೋಗಿರಬೇಕು. ಹಣ್ಣನ್ನೇ ಆರಿಸಿ ಕಿತ್ತದ್ದಕ್ಕೆ ಬೇರೆ ದುಡ್ಡು. ಇದು ದಾನ ಅಲ್ಲ. ಗಿಡದ ಕಾಯೆಲ್ಲ ಒಮ್ಮೆಲೇ ಸವರಿ ಕೀಳುವ ಬದಲು ಹಣ್ಣಾದ ಹಾಗೆ ಮೂರು ನಾಲ್ಕು ಸುತ್ತು ಕೀಳಬೇಕು. ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ ಹೀಗೆ ಆರಿಸಿ ಕಿತ್ತರೆ ಸಂಜೆಗೆ ಬುಟ್ಟಿ ತುಂಬುವುದಿಲ್ಲ. ಆ ಸುತ್ತುಗಳಿಗೆ ದಿನಗೂಲಿ ಕೊಡಿ ಅಂತ ನಾವು ಮೊದಲೇ ಮಾತಾಡಿ, ಆ ಖರ್ಚನ್ನು ಬೆಲೆಗೆ ಸೇರಿಸುತ್ತೇವೆ.

ಕೊನೆಯದು, ರೇಟು ಬಿದ್ದ ವರ್ಷವೂ ಅದೇ ಬೆಳೆಗಾರರಿಂದ ಅಷ್ಟೇ ಮೂಟೆ ಕೊಳ್ಳುವುದು. ರೇಟು ಏರಿದಾಗ ಅವರಿಗೆ ನಮ್ಮ ಅಗತ್ಯ ಇಲ್ಲ, ಯಾರು ಬೇಕಾದರೂ ಕೊಳ್ಳುತ್ತಾರೆ. 2001, 2002ರಲ್ಲಿ ಲೋಕದ ಮಾರ್ಕೆಟ್ ಕುಸಿದಾಗ ಕುಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಜನ ಸಾಲಕ್ಕೆ ಬಿದ್ದರು. ಕೊಳ್ಳುವವನ ಮಾತಿಗೆ ಬೆಲೆ ಬರುವುದು ಅಂಥ ವರ್ಷಗಳಲ್ಲಿ.

ಇಷ್ಟು ಬರೆದ ಮೇಲೆ, ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ. ಕಾಫಿ ಪ್ಯಾಕೆಟ್ ಮೇಲೆ ಬೆಳೆಗಾರರ ಊರು ಬರೆಯುತ್ತೀರಿ, ನೀವೇ ಮಾರುವ ನೀಲಗಿರಿ ಟೀ ಪ್ಯಾಕೆಟ್ ಮೇಲೆ ಯಾಕಿಲ್ಲ ಅಂತ ನೀವು ಕೇಳಬೇಕಿತ್ತು.

ಕಾರಣ ಎಲೆಯಲ್ಲೇ ಇದೆ. ಒಣಗಿದ ಕಾಫಿ ತಿಂಗಳುಗಟ್ಟಲೆ ಕಾಯುತ್ತದೆ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಅಂದರೆ ಸಾಕು, ರೇಟು ನೋಡಿಕೊಂಡು ಮಾರಬಹುದು. ಟೀ ಎಲೆ ಹಾಗಲ್ಲ. ಕಿತ್ತ ದಿನವೇ ಫ್ಯಾಕ್ಟರಿ ಸೇರಬೇಕು. ಚೀಲದಲ್ಲಿ ಒತ್ತಿ ಇಟ್ಟರೆ ಕಾವು ಏರಿ ಕೆಡುತ್ತದೆ. ನೀಲಗಿರಿಯ ಕೋಟಗಿರಿಯಲ್ಲಿ ಅರ್ಧ ಎಕರೆ ಇರುವ ಬಡಗ ಸಮುದಾಯದ ರೈತರು ರೇಟು ಸರಿಯಿಲ್ಲ ಅಂತ ಎಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹತ್ತಾರು ಜನರ ಎಲೆ ಒಂದೇ ಫ್ಯಾಕ್ಟರಿಯಲ್ಲಿ ಬೆರೆಯುತ್ತದೆ. ನಾಲ್ಕು, ನಾಲ್ಕೂವರೆ ಕೆಜಿ ಹಸಿ ಎಲೆಗೆ ಒಂದು ಕೆಜಿ ಟೀ. ಅದು ಕೂನೂರು ಹರಾಜಿಗೆ ಹೋಗುತ್ತದೆ. ಹಸಿ ಎಲೆಗೆ ಕೊಡಬೇಕಾದ ಕನಿಷ್ಠ ರೇಟನ್ನು ಟೀ ಬೋರ್ಡು ತಿಂಗಳು ತಿಂಗಳು ಹೇಳುತ್ತದೆ. ಅದು ಸಾಲದು ಅಂತ ಸಣ್ಣ ಬೆಳೆಗಾರರ ಗಲಾಟೆ ನಡೆಯುತ್ತಲೇ ಇದೆ. ಅವರ ಗಲಾಟೆ ನ್ಯಾಯವಾದದ್ದು.

ಅದಕ್ಕೇ ಟೀ ವಿಷಯದಲ್ಲಿ ನಾವು ನೋಡುವುದು ಫ್ಯಾಕ್ಟರಿಯನ್ನು. ಅಲ್ಲಿ ಬೆಳೆಗಾರರೇ ಸದಸ್ಯರಾಗಿರುವ ಸಹಕಾರಿ ಫ್ಯಾಕ್ಟರಿಗಳಿವೆ, ಅವುಗಳ ಒಕ್ಕೂಟ ಇಂಡ್ಕೋಸರ್ವ್. ಖಾಸಗಿ ಫ್ಯಾಕ್ಟರಿ ಆದರೆ ಎಲೆಯ ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ, ತೂಕದಲ್ಲಿ ನೀರಿಗೆ ಅಂತ ಎಷ್ಟು ಕಳೆಯುತ್ತಾರೆ ಅಂತ ಎಲೆ ಕೊಡುವವರನ್ನೇ ಕೇಳುತ್ತೇವೆ. ಮಳೆಗಾಲದ ಒದ್ದೆ ಎಲೆಗೆ ಸ್ವಲ್ಪ ಕಳೆಯುವುದು ಸರಿ. ಬಿಸಿಲಲ್ಲೂ ಅಷ್ಟೇ ಕಳೆದರೆ ಆ ಫ್ಯಾಕ್ಟರಿಯ ಟೀ ನಮ್ಮಲ್ಲಿ ಇರುವುದಿಲ್ಲ. ನಮ್ಮ ಟೀ ಪ್ಯಾಕೆಟ್ ಮೇಲೆ ಫ್ಯಾಕ್ಟರಿ ಹೆಸರು, ತಯಾರಾದ ತಿಂಗಳು ಇರುತ್ತದೆ. ಇಂಥವರದೇ ತೋಟದ ಎಲೆ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.